ಅತಿವೇಗದ ಆಸೆಯಿಲ್ಲದ ಗಣಕಯಂತ್ರ: ಬಿಡಿಭಾಗಗಳ ಆಯ್ಕೆಯಲ್ಲಿ ವಿವೇಚನೆ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಇಂಟೆಲ್‌ನ ಎಂಟನೆಯ ಪೀಳಿಗೆ ಅಥವಾ ಅನಂತರದ ಪ್ರೊಸೆಸರ್ (ಎಎಂಡಿಯಲ್ಲಾದರೆ ಬಹುಮಟ್ಟಿಗೆ ರೈಜೆನ್ 2000 ಸರಣಿ ಮತ್ತು ಅನಂತರದವು) ಹಾಗೂ ಟಿಪಿಎಂ 2.0 ಎಂಬ ಭದ್ರತಾ ಸೌಲಭ್ಯ ಅವಶ್ಯಕ. ಹೀಗಾಗಿ ಎಂಟು ಹತ್ತು ವರ್ಷಗಳಿಂದ ಲೆಕ್ಕಪತ್ರದ ಕೆಲಸವನ್ನು ನಿರ್ವಿಘ್ನವಾಗಿ ನಡೆಸಿಕೊಂಡು ಬಂದ ಅನೇಕ ಗಣಕಯಂತ್ರಗಳನ್ನು ಬದಲಿಸುವ ಅನಿವಾರ್ಯತೆ ಸಣ್ಣ ಉದ್ದಿಮೆದಾರರಿಗೆ ಎದುರಾಗಿದೆ. ಬ್ರಾಂಡೆಡ್ ಯಂತ್ರದ ಬದಲು ಬಿಡಿಭಾಗಗಳನ್ನು ಆಯ್ದು ಜೋಡಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಹೊಸದಲ್ಲ, ಬೆಂಗಳೂರಿನ ಎಸ್.ಪಿ. ರಸ್ತೆಯ ವಹಿವಾಟಿನ ಒಂದು ಭಾಗ ನಡೆದಿರುವುದೇ ಇದರ ಮೇಲೆ. ಆದರೆ ಇಂದು ಬಿಡಿಭಾಗಗಳ ಬಗ್ಗೆ ದೊರೆಯುವ ಸಲಹೆಯ ಬಹುಪಾಲು ಆಟಗಳಿಗಾಗಿ ಯಂತ್ರ ಕಟ್ಟುವ ಯುವಕರನ್ನು ಉದ್ದೇಶಿಸಿದ್ದು. ಅದನ್ನೇ ನಂಬಿ ಖರೀದಿಗೆ ಹೊರಟ ವರ್ತಕನು ತಾನೆಂದೂ ಬಳಸದ ಸೌಲಭ್ಯವೊಂದಕ್ಕೆ ಬೆಲೆ ತೆರುತ್ತಾನೆ. ಆ ಸೌಲಭ್ಯವೇ ಓವರ್‌ಕ್ಲಾಕಿಂಗ್.

ತಯಾರಕರು ನಿಗದಿಪಡಿಸಿದ ವೇಗಕ್ಕಿಂತ ಹೆಚ್ಚಿನ ವೇಗದಲ್ಲಿ ಪ್ರೊಸೆಸರನ್ನು ನಡೆಸುವುದೇ ಓವರ್‌ಕ್ಲಾಕಿಂಗ್. ವೇಗ ಏರಿಸಲು ಸಾಮಾನ್ಯವಾಗಿ ವೋಲ್ಟೇಜನ್ನೂ ಏರಿಸಬೇಕಾಗುತ್ತದೆ. ಪ್ರೊಸೆಸರ್ ಕಾರ್ಯನಿರತವಾಗಿದ್ದಾಗ ಸೆಳೆಯುವ ವಿದ್ಯುತ್ತು ವೇಗದ ಪ್ರಮಾಣದಲ್ಲಿ ಹೆಚ್ಚಿದರೆ, ವೋಲ್ಟೇಜಿನ ವರ್ಗದ ಪ್ರಮಾಣದಲ್ಲಿ ಹೆಚ್ಚುತ್ತದೆ. ಎರಡನ್ನೂ ಶೇ. 10ರಷ್ಟು ಏರಿಸಿದರೆ ವಿದ್ಯುತ್ತು ಮತ್ತು ಶಾಖ ಸುಮಾರು ಶೇ. 33ರಷ್ಟು ಏರುತ್ತವೆ, ದೊರೆಯುವ ವೇಗ ಹೆಚ್ಚೆಂದರೆ ಶೇ. 10. ಲೆಕ್ಕಪತ್ರ, ಬಿಲ್ಲಿಂಗ್ ಮತ್ತು ಪತ್ರವ್ಯವಹಾರದ ಕೆಲಸದಲ್ಲಿ ಈ ಶೇ. 10 ಕಣ್ಣಿಗೆ ಕಾಣುವುದೂ ಇಲ್ಲ. ಕಾಣುವುದೆಂದರೆ ಜಿಎಸ್‌ಟಿಆರ್-3ಬಿ ಸಲ್ಲಿಸಬೇಕಾದ 20ನೆಯ ತಾರೀಖಿನ ಸಂಜೆ ಯಂತ್ರ ತಾನಾಗಿ ನಿಂತು ಮರುಪ್ರಾರಂಭವಾಗುವುದು. ಅದಕ್ಕಿಂತಲೂ ಅಪಾಯಕಾರಿಯಾದುದು ಯಂತ್ರ ನಿಲ್ಲದೆಯೇ ದತ್ತಾಂಶದಲ್ಲಿ ಸದ್ದಿಲ್ಲದೆ ತಪ್ಪು ನುಸುಳುವುದು.

ಈ ಸೌಲಭ್ಯದ ಬೆಲೆ ಎಲ್ಲೆಲ್ಲಿ ಅಡಗಿದೆ ಎಂಬುದನ್ನು ಗುರುತಿಸುವುದು ಕಷ್ಟವಲ್ಲ. ಇಂಟೆಲ್ ಪ್ರೊಸೆಸರಿನ ಸಂಖ್ಯೆಯ ಕೊನೆಯಲ್ಲಿ 'ಕೆ' ಎಂಬ ಅಕ್ಷರವಿದ್ದರೆ ಅದರ ವೇಗದ ಬೀಗ ತೆರೆದಿದೆ ಎಂದರ್ಥ. ಅದನ್ನು ಬಳಸಿಕೊಳ್ಳಲು 'ಝಡ್' ಸರಣಿಯ ಮದರ್‌ಬೋರ್ಡ್ ಬೇಕು. ಪೆಟ್ಟಿಗೆಯಲ್ಲಿ ಕೂಲರ್ ಇರುವುದಿಲ್ಲವಾದ್ದರಿಂದ ಅದನ್ನೂ ಬೇರೆಯಾಗಿ ಕೊಳ್ಳಬೇಕು. ಹೀಗೆ ಒಂದು ಅಕ್ಷರದ ಹಿಂದೆ ಮೂರು ಖರ್ಚುಗಳು ಸಾಲುಗಟ್ಟುತ್ತವೆ. 2022ರ ಆರಂಭದಲ್ಲಿ ಮಾರುಕಟ್ಟೆಗೆ ಬಂದ ಕೋರ್ ಐ5-12400 ಇದಕ್ಕೆ ವಿರುದ್ಧವಾದ ಉತ್ತಮ ಉದಾಹರಣೆ. ಆರು ಕೋರ್‌ಗಳ ಈ ಪ್ರೊಸೆಸರಿನ ಮೂಲ ವಿದ್ಯುತ್ ಪ್ರಮಾಣ 65 ವಾಟ್, ಗರಿಷ್ಠ 117 ವಾಟ್. ಕೂಲರ್ ಪೆಟ್ಟಿಗೆಯಲ್ಲೇ ಬರುತ್ತದೆ. ಎಚ್610 ಅಥವಾ ಬಿ660ರಂತಹ ಸಾಮಾನ್ಯ ಬೋರ್ಡ್ ಸಾಕು. ಕೇವಲ ಲೆಕ್ಕಪತ್ರಕ್ಕಾದರೆ ನಾಲ್ಕು ಕೋರ್‌ಗಳ ಐ3-12100 ಸಹ ಧಾರಾಳ. ಎಎಂಡಿಯ ಎಎಂ4 ಮತ್ತು ಎಎಂ5 ರೈಜೆನ್‌ಗಳಲ್ಲಿ ಬೀಗದ ಭೇದ ಕಾಣುವುದು ಬಹುತೇಕ ಬೋರ್ಡಿನಲ್ಲಿ: ಎ520, ಎ620 ಬೋರ್ಡ್‌ಗಳು ಪ್ರೊಸೆಸರಿನ ಓವರ್‌ಕ್ಲಾಕಿಂಗ್‌ಗೆ ಅವಕಾಶ ಕೊಡುವುದಿಲ್ಲ. ನಮ್ಮ ಉದ್ದೇಶಕ್ಕೆ ಇದು ಕೊರತೆಯಲ್ಲ, ಉಳಿತಾಯ.

ಇನ್ನೊಂದು ಅಕ್ಷರದ ಬಗ್ಗೆಯೂ ಎಚ್ಚರ ಅಗತ್ಯ. 'ಎಫ್' ಎಂದು ಕೊನೆಗೊಳ್ಳುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಸೌಲಭ್ಯ ಇರುವುದಿಲ್ಲ. ಬೆಲೆ ಕಡಿಮೆಯೆಂದು ಇದನ್ನು ಕೊಂಡವರು ಮಾನಿಟರಿಗೆ ಚಿತ್ರ ತರಲು ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಕೊಂಡು, ಉಳಿಸಿದ್ದಕ್ಕಿಂತ ಹೆಚ್ಚು ವ್ಯಯಿಸಬೇಕಾಗುತ್ತದೆ.

ಓವರ್‌ಕ್ಲಾಕ್ ಮಾಡುವುದಿಲ್ಲ ಎಂದು ನಿರ್ಧರಿಸಿದ ಮಾತ್ರಕ್ಕೆ ಯಂತ್ರ ಸುಮ್ಮನಿರುತ್ತದೆ ಎಂದು ಭಾವಿಸಲಾಗದು. ಕೆಲವು ಮದರ್‌ಬೋರ್ಡ್‌ಗಳು ಕಾರ್ಖಾನೆಯಿಂದ ಬರುವಾಗಲೇ ಪ್ರೊಸೆಸರ್ ತಯಾರಕರು ಹೇಳಿದ ವಿದ್ಯುತ್ ಮಿತಿಗಳನ್ನು ಸಡಿಲಿಸಿಕೊಂಡಿರುತ್ತವೆ. 2024ರಲ್ಲಿ ಇಂಟೆಲ್‌ನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಅಧಿಕ ವೋಲ್ಟೇಜಿನಿಂದಾಗಿ ಅಸ್ಥಿರಗೊಂಡ ಸಂಗತಿ ಜಗತ್ತಿನಾದ್ಯಂತ ಚರ್ಚೆಗೊಳಗಾಯಿತು. ಕಂಪೆನಿಯು ಮೈಕ್ರೋಕೋಡ್ ತಿದ್ದುಪಡಿಗಳನ್ನು ಬಿಡುಗಡೆ ಮಾಡಿ, ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದ್ದರಿಂದ ಜೋಡಿಸಿದ ದಿನವೇ ಬಯಾಸ್ ತಂತ್ರಾಂಶವನ್ನು ಇತ್ತೀಚಿನ ಆವೃತ್ತಿಗೆ ತಂದು, ತಯಾರಕರ ಮೂಲ ಮಿತಿಗಳನ್ನು ಆರಿಸುವಂತೆ ತಂತ್ರಜ್ಞರಿಗೆ ಸ್ಪಷ್ಟವಾಗಿ ಹೇಳುವುದು ಒಳಿತು.

ರ್‍ಯಾಮ್ ವಿಷಯದಲ್ಲಿ ಒಂದು ವಿಚಿತ್ರವುಂಟು. ಡಿಡಿಆರ್4ರ ಪ್ರಮಾಣಿತ ವೇಗ 3200ರವರೆಗೆ, ವೋಲ್ಟೇಜ್ 1.2. ಹೊಳೆಯುವ ಕವಚದ '3600' ರ್‍ಯಾಮ್‌ಗಳು ಆ ವೇಗ ತಲುಪುವುದು ಎಕ್ಸ್‌ಎಂಪಿ ಎಂಬ ವಿಶೇಷ ಹೊಂದಾಣಿಕೆಯಿಂದ, ಸಾಮಾನ್ಯವಾಗಿ 1.35 ವೋಲ್ಟ್‌ನಲ್ಲಿ, ಇದೂ ಒಂದು ಬಗೆಯ ಓವರ್‌ಕ್ಲಾಕಿಂಗ್ ಎಂದೇ ಪರಿಗಣಿತ. ಆ ಹೊಂದಾಣಿಕೆಯನ್ನು ಬಳಸದಿದ್ದರೆ ಅಂತಹ ಅನೇಕ ರ್‍ಯಾಮ್‌ಗಳು 2133 ಅಥವಾ 2666ಕ್ಕೆ ಇಳಿದು, ಅಗ್ಗದ ಸಾದಾ 3200ಕ್ಕಿಂತ ನಿಧಾನವಾಗಿ ನಡೆಯುತ್ತವೆ. ಲೇಬಲ್‌ನಲ್ಲಿ 3200, 1.2 ವೋಲ್ಟ್ ಎಂದಿರುವ ಸಾದಾ ಹಸಿರು ಪಟ್ಟಿಯೇ ನಮಗೆ ತಕ್ಕದ್ದು. 16 ಜಿಬಿ ಸಾಕು. 2025ರ ಕೊನೆಯ ತಿಂಗಳುಗಳಲ್ಲಿ ರ್‍ಯಾಮ್ ಬೆಲೆ ತೀವ್ರವಾಗಿ ಏರಿದುದನ್ನು ಗಮನಿಸಿದರೆ, ಬಳಸದ ವೇಗಕ್ಕಾಗಿ ಇಲ್ಲಿ ಹಣ ಸುರಿಯುವುದು ಜಾಣತನವಲ್ಲ.

ಹಾಗಾದರೆ ಉಳಿದ ಹಣ ಎಲ್ಲಿಗೆ ಹೋಗಬೇಕು? ನಿಸ್ಸಂಶಯವಾಗಿ ಎಸ್‌ಎಂಪಿಎಸ್‌ಗೆ. ಕ್ಯಾಬಿನೆಟ್ ಜೊತೆ 'ಉಚಿತ'ವಾಗಿ ಬರುವ ಎಸ್‌ಎಂಪಿಎಸ್ ಕೊನೆಯಲ್ಲಿ ದುಬಾರಿಯಾಗುವ ಸಂಭವವೇ ಹೆಚ್ಚು. ಅದು ಕೆಟ್ಟಾಗ ತಾನೊಂದೇ ಹೋಗದೆ ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದೊಯ್ಯಬಲ್ಲದು. ಮೇಲೆ ಹೇಳಿದ ಐ5 ಯಂತ್ರ, ಗ್ರಾಫಿಕ್ಸ್ ಕಾರ್ಡ್ ಇಲ್ಲದಿದ್ದಲ್ಲಿ, ಪೂರ್ಣ ದುಡಿಮೆಯಲ್ಲೂ 200 ವಾಟ್ ಒಳಗೇ ಇರುತ್ತದೆ. ಆದುದರಿಂದ 750 ವಾಟ್‌ನದು ಅನಾವಶ್ಯಕ. ನಂಬಲರ್ಹವಾದ 450 ವಾಟ್ ಸಾಕು. ಪ್ರಶ್ನೆಯಿರುವುದು ಆ 450 ನಿಜವೇ ಎಂಬುದರಲ್ಲಿ. ಲೇಬಲ್‌ನಲ್ಲಿ +12 ವೋಲ್ಟ್ ಎಂಬ ಸಾಲಿನ ಕೆಳಗಿರುವ ಆಂಪಿಯರ್ ಸಂಖ್ಯೆಯನ್ನು 12ರಿಂದ ಗುಣಿಸಿ ನೋಡಿರಿ. 36 ಆಂಪಿಯರ್ ಇದ್ದರೆ 432 ವಾಟ್, ಸರಿಯಾದ ಮಾಲು. ಅದೇ 450ರ ಲೇಬಲ್‌ನಲ್ಲಿ 16 ಆಂಪಿಯರ್ ಇದ್ದರೆ ಪ್ರೊಸೆಸರಿಗೆ ಉಪಯುಕ್ತವಾದುದು 192 ವಾಟ್ ಮಾತ್ರ. ಅಂಗಡಿಯ ಕಟ್ಟೆಯ ಮೇಲೆಯೇ ಅರ್ಧ ನಿಮಿಷದಲ್ಲಿ ಮಾಡಬಹುದಾದ ಈ ಪರೀಕ್ಷೆಯ ಜೊತೆಗೆ 80 ಪ್ಲಸ್ ಮುದ್ರೆಯನ್ನೂ ನೋಡಿಕೊಂಡರೆ ಸಾಕಷ್ಟು ರಕ್ಷಣೆ ದೊರೆಯುತ್ತದೆ.

ಯುಪಿಎಸ್ ಇದರ ಜೋಡಿ. ಸಾಮಾನ್ಯ 600 ವಿಎ ಯುಪಿಎಸ್‌ನ ನಿಜವಾದ ಸಾಮರ್ಥ್ಯ ಅನೇಕ ಮಾದರಿಗಳಲ್ಲಿ 360 ವಾಟ್. ಮಾನಿಟರ್ ಸಹಿತ ನಮ್ಮ ಯಂತ್ರಕ್ಕೆ ಇದು ಸಾಲುತ್ತದೆ. ಲೇಸರ್ ಪ್ರಿಂಟರನ್ನು ಮಾತ್ರ ಅದಕ್ಕೆ ಜೋಡಿಸಬಾರದು. ಕರೆಂಟು ಹೋದ ಕ್ಷಣದಲ್ಲಿ ಯುಪಿಎಸ್ ಬ್ಯಾಟರಿಗೆ ಹೊರಳುವ ಕೆಲವು ಮಿಲಿಸೆಕೆಂಡುಗಳ ಅವಧಿಯಲ್ಲಿ ಯಂತ್ರವನ್ನು ಹಿಡಿದಿಡುವುದು ಎಸ್‌ಎಂಪಿಎಸ್ ಒಳಗಿನ ಕೆಪಾಸಿಟರ್. ಕಳಪೆ ಎಸ್‌ಎಂಪಿಎಸ್‌ನಲ್ಲಿ ಅದೇ ಚಿಕ್ಕದಿರುವುದರಿಂದ, ಯುಪಿಎಸ್ ಇದ್ದರೂ ಯಂತ್ರ ಆರಿಹೋಗುವುದುಂಟು. ದೋಷ ಮಾತ್ರ ಯುಪಿಎಸ್ ಮೇಲೆ ಬರುತ್ತದೆ! ಅರ್ಥಿಂಗ್ ಸರಿಯಿಲ್ಲದ ಕಚೇರಿಯಲ್ಲಿ ಯಾವ ಬಿಡಿಭಾಗವೂ ದೀರ್ಘಕಾಲ ಬಾಳದು ಎಂಬುದನ್ನು ಎಲೆಕ್ಟ್ರಿಷಿಯನ್ ಬಂದಾಗ ನೆನಪಿಡಬೇಕು.

ಜಿಎಸ್‌ಟಿ ಕಾಯಿದೆಯಂತೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನ್ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕು. ಒಂದೇ ಎಸ್‌ಎಸ್‌ಡಿಯನ್ನು ನಂಬಿ ಆರು ವರ್ಷ ಕುಳಿತುಕೊಳ್ಳಲಾಗದು. ಕೆಲಸಕ್ಕೆ 500 ಜಿಬಿಯ ಒಂದು ಎಸ್‌ಎಸ್‌ಡಿ, ನಕಲಿಗೆ ಇನ್ನೊಂದು ಡಿಸ್ಕ್, ಕಚೇರಿಯ ಹೊರಗೆ ಮತ್ತೊಂದು ನಕಲು ಇರಲಿ. 'ಕೆ' ಅಕ್ಷರದಿಂದ ಉಳಿದ ಹಣದಲ್ಲೇ ಈ ಎರಡನೆಯ ಡಿಸ್ಕ್ ಬರುತ್ತದೆ.

ಬಿಲ್ಲಿನ ವಿಷಯದಲ್ಲಿ ರಿಯಾಯಿತಿಗೆ ಮನಸೋಲದಿರುವುದು ಲೇಸು. ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 18. 'ಬಿಲ್ ಬೇಡವೆಂದರೆ ಅಷ್ಟು ಕಡಿಮೆ' ಎಂಬ ಮಾತು ಗೃಹಬಳಕೆದಾರನಿಗೆ ಆಕರ್ಷಕವಾಗಿ ಕಂಡೀತು. ಆದರೆ ಕಾಂಪೊಸಿಷನ್ ಯೋಜನೆಯಲ್ಲಿಲ್ಲದ ನೋಂದಾಯಿತ ವರ್ತಕನಿಗೆ ಆ ತೆರಿಗೆ ಹೂಡುವಳಿ ತೆರಿಗೆ ಜಮೆಯಾಗಿ ಹೇಗೂ ಹಿಂದಿರುಗುತ್ತದೆ. ಬಿಲ್ ಬಿಟ್ಟರೆ ಲಾಭವಿಲ್ಲ, ವಾರಂಟಿಯ ಆಧಾರವೂ ಇಲ್ಲ. ಅಸೆಂಬಲ್ಡ್ ಯಂತ್ರದಲ್ಲಿ ಪ್ರತಿ ಬಿಡಿಭಾಗಕ್ಕೂ ಬೇರೆ ಬೇರೆ ವಾರಂಟಿ ಇರುವುದರಿಂದ, ತಮ್ಮ ಜಿಎಸ್‌ಟಿ ಸಂಖ್ಯೆಯೊಂದಿಗೆ ಎಲ್ಲ ಭಾಗಗಳ ಕ್ರಮಸಂಖ್ಯೆಗಳನ್ನೂ ಬಿಲ್ಲಿನಲ್ಲಿ ಬರೆಯಿಸಿಕೊಳ್ಳಬೇಕು. ಪ್ರೊಸೆಸರ್ ಪೆಟ್ಟಿಗೆ ಸಹಿತವಾಗಿದೆಯೇ ಅಥವಾ 'ಟ್ರೇ' ಮಾಲೇ ಎಂಬುದನ್ನೂ ಕೇಳಬೇಕು. ಎರಡನೆಯದಕ್ಕೆ ಸಾಮಾನ್ಯವಾಗಿ ಕೂಲರೂ ಇಲ್ಲ, ತಯಾರಕರ ನೇರ ವಾರಂಟಿಯೂ ಇಲ್ಲ.

ಜೋಡಣೆ ಮುಗಿದ ಮೇಲೆ ಹಳೆಯ ಲೆಕ್ಕಪತ್ರವನ್ನು ಅಂದೇ ವರ್ಗಾಯಿಸುವ ಅವಸರ ಬೇಡ. ಒಂದು ರಾತ್ರಿ ರ್‍ಯಾಮ್ ಪರೀಕ್ಷಾ ತಂತ್ರಾಂಶ ಓಡಲಿ. ಮರುದಿನ ಯಂತ್ರ ದುಡಿಯುತ್ತಿರುವಾಗಲೇ ಯುಪಿಎಸ್‌ನ ಗೋಡೆಯ ಸ್ವಿಚ್ಚನ್ನು ಎರಡು ಮೂರು ಬಾರಿ ಆರಿಸಿ ನೋಡಬೇಕು. ಆರಿಹೋದರೆ ಎಸ್‌ಎಂಪಿಎಸ್ ಬದಲಿಸಿಕೊಳ್ಳಲು ಅಂಗಡಿಗೆ ಮರಳುವ ದಿನ ಅದೇ.