ಬಸುರಿ ಇಲಿಯೂ ಪಪ್ಪಾಯಿ ಹಾಲೂ

ಪಪ್ಪಾಯಿ, ನಾಟಿ ಬೇರಿನ ಕಷಾಯ ಬಸುರಿಗೆ ಕೂಡದು ಅಂತಾರೆ. ಇದನ್ನು ಇಲಿಗಳಲ್ಲಿ ಪರೀಕ್ಷಿಸುವುದು ಹೇಗೆ?
— ಓದುಗರೊಬ್ಬರು, ಹತ್ತಿಕುಣಿ, ಯಾದಗಿರಿ ಜಿಲ್ಲೆ

ಇಲಿಯ ಬಸಿರು ಬರೀ 21-22 ದಿನ. ಅದರಲ್ಲೂ 6ರಿಂದ 15ನೇ ದಿನದೊಳಗೆ ಮರಿಗಳ ಅಂಗಾಂಗ ಮೂಡುತ್ತವೆ. ಆಗ ಹೊಕ್ಕ ವಿಷವೇ ಹೆಚ್ಚು ಕೆಡಿಸುವುದು. ತೊಗರಿ ಹೂವಾಡುವಾಗ ಬಿದ್ದ ಮಂಜು ಮಾಡುವಷ್ಟು ಹಾನಿ ಕಾಯಿ ಬಲಿತ ಮೇಲೆ ಬಿದ್ದದ್ದು ಮಾಡದಲ್ಲ, ಹಾಗೆ.

ಆ ದಿನಗಳಲ್ಲಿ ಬಸುರಿ ಇಲಿಗಳ ಒಂದು ಗುಂಪಿಗೆ ಬರೀ ನೀರು, ಉಳಿದವಕ್ಕೆ ಪರೀಕ್ಷಿಸಬೇಕಾದ ಬೇರಿನ ಇಲ್ಲವೇ ಹಣ್ಣಿನ ಸಾರವನ್ನು ಕಡಿಮೆ, ಮಧ್ಯಮ, ಹೆಚ್ಚು ಪ್ರಮಾಣದಲ್ಲಿ ದಿನವೂ ಕುಡಿಸುತ್ತಾರೆ. ಹೆರಿಗೆಗೆ ಒಂದು ದಿನ ಮುಂಚೆ ಗರ್ಭಕೋಶ ತೆರೆದು ಎಣಿಸುತ್ತಾರೆ: ನೆಲೆನಿಂತ ಭ್ರೂಣಗಳೆಷ್ಟು, ಕರಗಿಹೋದವೆಷ್ಟು? ಕೆಲವು ಮರಿಗಳನ್ನು ಕ್ಷಾರದ ದ್ರಾವಣದಲ್ಲೂ ಅಲಿಜರಿನ್ ಬಣ್ಣದಲ್ಲೂ ಅದ್ದುತ್ತಾರೆ. ಮಾಂಸ ಗಾಜಿನಂತೆ ತಿಳಿಯಾಗಿ ಎಲುಬಷ್ಟೇ ಕೆಂಪಗೆ ಉಳಿಯುತ್ತದೆ. ಪಕ್ಕೆಲುಬೊಂದು ಹೆಚ್ಚಿದ್ದರೂ ಕಣ್ಣಿಗೆ ಬೀಳುತ್ತದೆ.

ಇನ್ನು ಪಪ್ಪಾಯಿ. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾಗಿದ ಹಣ್ಣಿನ ರಸ ಕುಡಿದ ಬಸುರಿ ಇಲಿಗಳಿಗೆ ತೊಂದರೆಯಾಗಲಿಲ್ಲ. ಕಾಯಿಯ ಹಾಲು ಮಾತ್ರ ಇಲಿಯ ಗರ್ಭಕೋಶವನ್ನು ಬಲವಾಗಿ ಹಿಂಡಿತು. ಅಜ್ಜಿಯ ಮಾತು ಅರ್ಧ ನಿಜ!

ಇಲಿ ಪಾಸಾದರೆ ಸಾಲದು. ಹಿಂದೆ ಬಸುರಿಯರು ನುಂಗಿ, ಹುಟ್ಟಿದ ಮಕ್ಕಳ ಕೈಕಾಲು ಕೆಡಿಸಿದ ಥಾಲಿಡೋಮೈಡ್ ಮಾತ್ರೆ ಇಲಿಮರಿಗಳನ್ನು ಅಷ್ಟಾಗಿ ಬಾಧಿಸಲಿಲ್ಲ, ಮೊಲದ ಮರಿಗಳ ಕೈಕಾಲು ಕೆಡಿಸಿತು. ಅದಕ್ಕೇ ಮೊಲದಲ್ಲೂ ನೋಡುತ್ತಾರೆ. ಮನೆಯಲ್ಲಿ ಬಸುರಿಯಿದ್ದರೆ, ಕಷಾಯ ಕುದಿಸುವ ಮುನ್ನ ಆರೋಗ್ಯ ಕೇಂದ್ರದಲ್ಲಿ ಒಂದು ಮಾತು ಕೇಳಿ.