ಹಳೆಯ ಗಣಕಕ್ಕೆ ಹಿರಿಯ ಕಣಜ

ಬರಹವನ್ನು ಕಾಪಿಡುವ ಕಾರ್ಯ ಹಾಸನ ಸೀಮೆಗೆ ಹೊಸತಲ್ಲ. ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ ದೊರೆತ ಶಿಲೆ ಹದಿನಾರು ಪಂಕ್ತಿಗಳನ್ನೂ, ಶ್ರವಣಬೆಳಗೊಳದ ಬಂಡೆಗಳು ನೂರಾರು ಶಾಸನಗಳನ್ನೂ ಉಳಿಸಿಕೊಟ್ಟಿವೆ. ಇಂದು ಮನೆಯ ಲೆಕ್ಕಪತ್ರ, ಭಾವಚಿತ್ರ, ಬರಹಗಳೆಲ್ಲವೂ ಗಣಕಯಂತ್ರದ ಹಾರ್ಡ್ ಡಿಸ್ಕೆಂಬ ಕಣಜವನ್ನು ಸೇರುತ್ತವೆ. 1956ರಲ್ಲಿ ಐಬಿಎಂ ಸಂಸ್ಥೆ ರಚಿಸಿದ ಮೊದಲ ಡಿಸ್ಕ್ ಯಂತ್ರದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದರೂ ಅದು ಹಿಡಿಯುತ್ತಿದ್ದುದು ಸುಮಾರು 50 ಲಕ್ಷ ಅಕ್ಷರಗಳನ್ನು ಮಾತ್ರ. ಇಂದಿನ ಡಿಸ್ಕ್ ಅಂಗೈಯಗಲವಿದ್ದು ಲಕ್ಷಾಂತರ ಪಟ್ಟು ಹೆಚ್ಚು ಹಿಡಿಯುತ್ತದೆ.

ಹಳೆಯ ಗಣಕಕ್ಕೆ ಹಿರಿಯ ಡಿಸ್ಕನ್ನು ಜೋಡಿಸಿದೊಡನೆ ಕಾರ್ಯ ಮುಗಿಯಿತೆಂದು ತಿಳಿಯಲಾಗದು. ಡಿಸ್ಕಿನ ಸ್ಥಳವು 512 ಬೈಟುಗಳ ಖಾನೆಗಳಾಗಿ ವಿಭಾಗಗೊಂಡಿದ್ದು, ಪ್ರತಿ ಖಾನೆಗೂ ಒಂದು ಸಂಖ್ಯೆಯುಂಟು. ಹಿಂದಿನ ಪದ್ಧತಿಯಲ್ಲಿ ಈ ಸಂಖ್ಯೆಗೆ 28 ದ್ವಿಮಾನ ಸ್ಥಾನಗಳು ಮಾತ್ರ ಮೀಸಲಾಗಿದ್ದುವು. ಆದಕಾರಣ ಎಣಿಸಬಹುದಾದ ಖಾನೆಗಳು 26,84,35,456. ಒಟ್ಟು ಗಾತ್ರ ಸುಮಾರು 137 ಗಿಗಾಬೈಟ್. ಅದಕ್ಕೂ ಹಿಂದಿನ ಯಂತ್ರಗಳಲ್ಲಿ 8.4 ಗಿಗಾಬೈಟಿನ ಎಲ್ಲೆಯಿತ್ತು. ಮುಂದೆ 48 ಸ್ಥಾನಗಳ ಪದ್ಧತಿ ಬಂದು ಈ ಗೋಡೆ ಕುಸಿಯಿತು.

ಇದರಲ್ಲಿರುವ ಅಪಾಯವನ್ನು ಒಂದು ದೃಷ್ಟಾಂತದಿಂದ ಅರಿಯಬಹುದು. ಅಂಚೆಯವನ ಪುಸ್ತಕದಲ್ಲಿ ಮನೆಯ ಸಂಖ್ಯೆಗೆ ಮೂರೇ ಅಂಕಗಳ ಜಾಗವಿದ್ದರೆ 1001ನೆಯ ಮನೆಯ ಕಾಗದ ಒಂದನೆಯ ಮನೆಗೆ ಹೋಗುತ್ತದೆ. ಹಾಗೆಯೇ ಎಲ್ಲೆಯನ್ನರಿಯದ ಹಳೆಯ ತಂತ್ರಾಂಶವು 137 ಗಿಗಾಬೈಟಿನಾಚೆಗೆ ಬರೆಯಹೋಗಿ ಡಿಸ್ಕಿನ ಆರಂಭದಲ್ಲಿರುವ ಬರಹವನ್ನೇ ಅಳಿಸಿಬಿಡುವ ಸಂಭವವುಂಟು.

ಆದ್ದರಿಂದ ಮೊದಲು ಮೂಲ ಡಿಸ್ಕಿನಲ್ಲಿರುವುದನ್ನೆಲ್ಲ ಬೇರೊಂದೆಡೆ ಪ್ರತಿಮಾಡತಕ್ಕದ್ದು. ಬಳಿಕ ಮದರ್‌ಬೋರ್ಡಿನ ಬಯಾಸ್ ಎಷ್ಟು ಗಾತ್ರವನ್ನು ಒಪ್ಪುವುದೆಂಬುದನ್ನು ಕೈಪಿಡಿಯಿಂದ ತಿಳಿಯಬೇಕು. ಒಪ್ಪದಿದ್ದರೆ ತಯಾರಕರು ಹೊರಡಿಸಿದ ಹೊಸ ಬಯಾಸನ್ನು ಅಳವಡಿಸಬಹುದು. ಇಲ್ಲವೆ ಸ್ವಂತ ಬಯಾಸ್ ಉಳ್ಳ ಪಿಸಿಐ ಕಾರ್ಡಿನ ಮೂಲಕ ಡಿಸ್ಕನ್ನು ಜೋಡಿಸಬಹುದು. ಆಪರೇಟಿಂಗ್ ಸಿಸ್ಟಂ ಕೂಡ 48 ಸ್ಥಾನಗಳನ್ನರಿತಿರಬೇಕು. ವಿಂಡೋಸ್ ಎಕ್ಸ್‌ಪಿಯಾದರೆ 2004ರ ಎರಡನೆಯ ಸರ್ವೀಸ್ ಪ್ಯಾಕ್ ಇರುವುದು ಲೇಸು. ಹಳೆಯ ವಿಭಜನಾ ಪಟ್ಟಿಯ ಎಲ್ಲೆ ಸುಮಾರು 2.2 ಟೆರಾಬೈಟ್ ಎಂಬುದನ್ನೂ ಮರೆಯಲಾಗದು.

ಜೋಡಿಸುವಾಗ ವಿದ್ಯುತ್ ಪ್ಲಗ್ಗನ್ನು ಕಿತ್ತು, ಪೆಟ್ಟಿಗೆಯ ಲೋಹವನ್ನು ಮುಟ್ಟಿ ಮೈಯ ಸ್ಥಾಯೀವಿದ್ಯುತ್ತನ್ನು ಕಳೆದುಕೊಳ್ಳಬೇಕು. ಐಡಿಇ ಪಟ್ಟಿಕೇಬಲ್ಲಿನಲ್ಲಿ ಎರಡು ಡಿಸ್ಕುಗಳಿದ್ದರೆ ಜಂಪರಿನಿಂದ ಒಂದನ್ನು ಮಾಸ್ಟರ್, ಇನ್ನೊಂದನ್ನು ಸ್ಲೇವ್ ಎಂದು ನಿಗದಿಗೊಳಿಸಬೇಕು. ಕೇಬಲ್ಲಿನ ಬಣ್ಣದ ಅಂಚು ಒಂದನೆಯ ಪಿನ್ನಿನ ಕಡೆಗಿರಲಿ. ಅನಂತರ ಬಯಾಸಿನಲ್ಲಿ ಪೂರ್ಣ ಗಾತ್ರ ಕಾಣುವುದೇ ಎಂದು ನೋಡಿ, ಹೊಸ ಡಿಸ್ಕನ್ನಷ್ಟೇ ವಿಭಜಿಸಿ ಫಾರ್ಮ್ಯಾಟ್ ಮಾಡಬೇಕು. ಇಲ್ಲಿ ಡಿಸ್ಕು ತಪ್ಪಿದರೆ ಇದ್ದುದೂ ಹೋದೀತು.

ಕನ್ನಡಿಗರು ಲಕ್ಷಿಸಬೇಕಾದ ಇನ್ನೊಂದು ಸಂಗತಿಯಿದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಅಕ್ಷರಶೈಲಿಗಳಲ್ಲಿ ಟೈಪಾದ ಕಡತಗಳು ಆ ಶೈಲಿಗಳಿಲ್ಲದೆ ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಕಡತದೊಡನೆ ಅಕ್ಷರಶೈಲಿಯನ್ನೂ ಸಾಗಿಸಿ, ಕ್ರಮೇಣ ಯೂನಿಕೋಡಿಗೆ ಪರಿವರ್ತಿಸುವುದು ಯುಕ್ತ.

ತಾಳೆಯ ಗರಿಯನ್ನು ಪ್ರತಿಮಾಡಿದ ಲಿಪಿಕಾರನು ಮೂಲದೊಡನೆ ತಾಳೆನೋಡುವವರೆಗೆ ಅದನ್ನು ಬಿಸುಡಬಾರದಷ್ಟೆ. ಹಳೆಯ ಡಿಸ್ಕಿಗೂ ಅದೇ ನ್ಯಾಯ ಸಲ್ಲತಕ್ಕದ್ದು.