ಹೈಟಿಗೆ ಕಾಲರಾ ತಂದವರು ಯಾರು?

2010ರ ಜನವರಿಯ ಭೂಕಂಪಕ್ಕೆ ಹೈಟಿ ದೇಶ ನೆಲಕಚ್ಚಿತ್ತು. ಅದೇ ಅಕ್ಟೋಬರ್‌ನಲ್ಲಿ ಕಾಲರಾ ಶುರುವಾಯ್ತು. ಸುಮಾರು ನೂರು ವರ್ಷದಿಂದ ಅಲ್ಲಿ ಕಾಲರಾ ಇರಲೇ ಇಲ್ಲ! ಮೊದಲ ರೋಗಿಗಳು ಕಂಡದ್ದು ಮಿರ್ಬಾಲೆ ಊರಿನ ಹತ್ತಿರ. ಅಲ್ಲೇ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ನೇಪಾಳಿ ಸೈನಿಕರ ಕ್ಯಾಂಪ್. ಕ್ಯಾಂಪಿನ ಕೊಳಚೆ ಹಳ್ಳಕ್ಕೆ ಸೇರ್ತಿದೆ ಅಂತ ಜನ ಕೂಗಿದರು. ವಿಶ್ವಸಂಸ್ಥೆ ಒಪ್ಪಲಿಲ್ಲ.

ಸಾಬೀತು ಮಾಡೋದು ಹೇಗೆ? ಇದು ಕಾಲರಾ, ಓ1 ಗುಂಪು, ಎಲ್ ಟಾರ್ ಬಗೆ ಅಂತ ಲ್ಯಾಬ್ ಹೇಳಬಲ್ಲದು. ಆದರೆ ಆ ಬಗೆ ಏಷ್ಯಾ, ಆಫ್ರಿಕಾದಲ್ಲೆಲ್ಲ ಇದೆ. ಠಾಣೆಗೆ ಹೋಗಿ 'ಕಳುವಾದದ್ದು ಕಪ್ಪು ಸ್ಪ್ಲೆಂಡರ್' ಅಂದ ಹಾಗೆ. ಚಾಸಿಸ್ ನಂಬರ್ ಬೇಕಲ್ವಾ?

ಆ ನಂಬರ್ ಇರೋದು ಜೀನೋಮ್‌ನಲ್ಲಿ. ಕಾಲರಾ ಬ್ಯಾಕ್ಟೀರಿಯಾದ ಡಿಎನ್‌ಎ ಸುಮಾರು 40 ಲಕ್ಷ ಅಕ್ಷರಗಳ ಬರಹ. ಒಂದು ಬ್ಯಾಕ್ಟೀರಿಯಾ ಎರಡಾಗುವಾಗ ಅಷ್ಟೂ ನಕಲಾಗಬೇಕು. ಅಪರೂಪಕ್ಕೆ ಒಂದಕ್ಷರ ತಪ್ಪುತ್ತೆ, ಆ ತಪ್ಪು ಮರಿ, ಮರಿಮರಿಗೂ ದಾಟುತ್ತೆ. ಎರಡು ಮಾದರಿಗಳ ನಡುವೆ ವ್ಯತ್ಯಾಸ ಕಡಿಮೆ ಇದ್ದಷ್ಟೂ ನಂಟು ಹತ್ತಿರ. ಇಂಜಿನಿಯರಿಂಗ್‌ನಲ್ಲಿ ಲ್ಯಾಬ್ ರೆಕಾರ್ಡ್ ಕಾಪಿ ಹೊಡೆದವರನ್ನು ಲೆಕ್ಚರರ್‌ಗಳು ಹಿಡೀತಿದ್ದದ್ದೂ ಹೀಗೇ: ಇಬ್ಬರ ಪುಸ್ತಕದಲ್ಲೂ ಅದೇ ತಪ್ಪು!

ವಿಜ್ಞಾನಿಗಳು ನೇಪಾಳದ ರೋಗಿಗಳಿಂದ ಬಂದ 24 ಮಾದರಿಗಳ ಜೀನೋಮ್ ಓದಿ, ಹೈಟಿಯ ಮಾದರಿಗಳ ಜೊತೆ ಹೋಲಿಸಿದರು. 2011ರಲ್ಲಿ ಫಲಿತಾಂಶ ಬಂತು. ನೇಪಾಳದ ಮೂರಕ್ಕೂ ಹೈಟಿಯ ಮೂರಕ್ಕೂ ವ್ಯತ್ಯಾಸ ಎಷ್ಟು ಗೊತ್ತಾ? ಒಂದೋ ಎರಡೋ ಅಕ್ಷರ. 40 ಲಕ್ಷದಲ್ಲಿ!

ಒಂದು ಮಾತು ಸ್ಪಷ್ಟ ಇರಲಿ. ಜೀನೋಮ್ ನಂಟು ಹೇಳುತ್ತೆ, ಹೊತ್ತು ತಂದವರು ಯಾರು ಅಂತ ಹೇಳಲ್ಲ. ಅದಕ್ಕೆ ಮೊದಲ ರೋಗಿಗಳ ಊರು, ತಾರೀಕು, ನದಿ ಹರಿದ ದಾರಿ ಬೇಕು. ಫ್ರೆಂಚ್ ವೈದ್ಯ ರೆನೋ ಪಿಯರು ಹೈಟಿಗೇ ಹೋಗಿ ಅದನ್ನೆಲ್ಲ ಕೆದಕಿದ್ದರು. ಎರಡೂ ಬೆರಳು ಅದೇ ಕ್ಯಾಂಪಿನ ಕಡೆ ತೋರಿಸಿದವು. ಹಾಗಂತ ನೇಪಾಳಿಗಳನ್ನು ಬೈಯೋದು ಅನ್ಯಾಯ. ರೋಗಲಕ್ಷಣ ಇಲ್ಲದೆಯೂ ಒಬ್ಬನ ಹೊಟ್ಟೆಯಲ್ಲಿ ಈ ಬ್ಯಾಕ್ಟೀರಿಯಾ ಇರಬಹುದು. ಕೊಳಚೆಯನ್ನು ಹಳ್ಳಕ್ಕೆ ಹೋಗಲು ಬಿಟ್ಟವರನ್ನು ಕೇಳಬೇಕು.

ಕೇಳಿದರು ಕೂಡ. 2013ರಲ್ಲಿ ಪರಿಹಾರದ ಅರ್ಜಿಯನ್ನು ವಿಶ್ವಸಂಸ್ಥೆ ತಳ್ಳಿಹಾಕಿತು. 2016ರ ಆಗಸ್ಟ್‌ನಲ್ಲಿ ಅಮೆರಿಕದ ಮೇಲ್ಮನವಿ ಕೋರ್ಟು, ವಿಶ್ವಸಂಸ್ಥೆಯ ಮೇಲೆ ದಾವೆ ನಡೆಯಲ್ಲ ಅಂದಿತು. ಪ್ರಧಾನ ಕಾರ್ಯದರ್ಶಿ ಬಾನ್ ಕಿ-ಮೂನ್ ಹೈಟಿಯ ಜನರ ಕ್ಷಮೆ ಕೇಳಿದ್ದು ಅದೇ ಡಿಸೆಂಬರ್‌ನಲ್ಲಿ. ಅಷ್ಟರಲ್ಲಿ ಸತ್ತವರು ಸುಮಾರು ಹತ್ತು ಸಾವಿರ.